ನವೀನ ನೃತ್ಯದಲ್ಲಿ ಪ್ರಯೋಗ ಮತ್ತು ಪಟ

೧

ಕಲಬುರಗಿ ಜಿಲ್ಲೆಯ ಆಳಂದ, ಅಫಜಲಪುರ, ಜೇವರ್ಗಿ ಎಂಬ ಮೂರು ತಾಲ್ಲೂಕುಗಳು ದೃಶ್ಯಕಲೆಗೆ ಅಪರಿಚಿತವಾದ ಭೂಮಿಯಲ್ಲ. ದೊಡ್ಡಾಟ ಸಣ್ಣಾಟಗಳು, ವೀರಭದ್ರನ ಪುರವಂತರ ಕುಣಿತ, ಮೊಹರಮ್ಮಿನ ಹೆಜ್ಜೆಮೇಳ ಇವೆಲ್ಲವೂ ಈ ಭೀಮಾತೀರದ ಸೀಮೆಯ ಜನರು ಬಾಲ್ಯದಿಂದ ಕಂಡವುಗಳೇ. ಆದರೆ ಪುರಾಣಕಥೆಯನ್ನೂ ಪರಂಪರಾಗತವಾದ ಹಸ್ತಮುದ್ರೆಗಳನ್ನೂ ಬಹುಮಟ್ಟಿಗೆ ತೊರೆದು, ದೇಹವನ್ನೇ ವಸ್ತುವಾಗಿ ಮಾಡಿಕೊಂಡಿರುವ ನವೀನ ನೃತ್ಯದ ರಂಗಪ್ರಯೋಗಗಳು ನಡೆಯುವುದು ಮುಖ್ಯವಾಗಿ ಬೆಂಗಳೂರು, ಚೆನ್ನೈ, ಮುಂಬಯಿ ಮೊದಲಾದ ಮಹಾನಗರಗಳಲ್ಲಿ. ಬೆಂಗಳೂರು ಈ ಸೀಮೆಗೆ ಸುಮಾರು ೬೦೦ ಕಿಲೋಮೀಟರು ದೂರ. ಆದುದರಿಂದ ಇಲ್ಲಿಯ ಅಧ್ಯಾಪಕರಿಗೂ ವಿದ್ಯಾರ್ಥಿಗಳಿಗೂ ಆ ಕಲೆಯ ಪರಿಚಯವಾಗುವುದು ಬಹುಶಃ ವಿಡಿಯೋದಿಂದಲೇ. ಕರ್ನಾಟಕ ಕೇಂದ್ರೀಯ ವಿಶ್ವವಿದ್ಯಾಲಯವು ೨೦೦೯ರಲ್ಲಿ ಸ್ಥಾಪಿತವಾಗಿ ಆಳಂದ ತಾಲ್ಲೂಕಿನ ಕಡಗಂಚಿಯಲ್ಲಿ ನೆಲಸಿರುವುದು. ಅಲ್ಲಿಯ ವಿದ್ಯಾರ್ಥಿಯೊಬ್ಬನು ೨೦೦೬ರಲ್ಲಿ ದಿವಂಗತರಾದ ಚಂದ್ರಲೇಖಾ ಅವರ ಕೃತಿಗಳನ್ನು ಕುರಿತು ಪ್ರಬಂಧ ಬರೆಯಹೊರಟರೆ ಅವರ ಕಾಲದ ಪ್ರಯೋಗಗಳನ್ನು ನೋಡಲು ಅವನಿಗೆ ಪಟವಲ್ಲದೆ ಬೇರೆ ಗತಿಯಿಲ್ಲ.

ಹಾಗಿರಲು ಇಲ್ಲಿ ಒಂದು ಪ್ರಶ್ನೆ ಏಳುವುದು. ಪಟದಲ್ಲಿ ನೃತ್ಯವನ್ನು ಕಂಡವನು ನೃತ್ಯವನ್ನು ಕಂಡವನೆನಿಸುವನೇ? ಅವನು ಕೊಡುವ ಗುಣದೋಷನಿರ್ಣಯವು ಪ್ರಮಾಣವೇ? ರಂಗದಲ್ಲಿ ಇರುವುದೆಲ್ಲವೂ ಪಟದಲ್ಲಿ ಇನ್ನೂ ಸ್ಪಷ್ಟವಾಗಿ ಇರುವುದರಿಂದ ರಂಗದ ಅಪೇಕ್ಷೆಯೇ ಇಲ್ಲವೆಂಬುದು ಒಂದು ಪಕ್ಷ. ಪಟವು ನೃತ್ಯದ ನೆರಳು ಮಾತ್ರ, ಅದರಿಂದ ಯಾವ ಜ್ಞಾನವೂ ಬಾರದೆಂಬುದು ಪ್ರತಿಪಕ್ಷ. ಎರಡೂ ವಿಚಾರಸಹವಲ್ಲವೆಂಬುದು ಮುಂದೆ ವ್ಯಕ್ತವಾಗುವುದು.

೨

ಈ ಪ್ರಶ್ನೆಯ ಬೀಜವು ಪತಂಜಲಿಯ ಮಹಾಭಾಷ್ಯದಲ್ಲಿಯೇ ಉಂಟು. ಕಂಸನು ಸತ್ತು ಎಷ್ಟೋ ಕಾಲವಾಗಿದ್ದರೂ ಅವನ ವಧೆಯನ್ನು ವರ್ತಮಾನಕಾಲದ ಕ್ರಿಯಾಪದದಿಂದ ಹೇಳುವುದು ಹೇಗೆ ಯುಕ್ತವೆಂದು ಅಲ್ಲಿ ಶಂಕೆ ಎತ್ತಲ್ಪಟ್ಟಿದೆ. ಅದಕ್ಕೆ ಭಾಷ್ಯಕಾರನು ಮೂರು ಬಗೆಯವರನ್ನು ತೋರಿಸಿ ಸಮಾಧಾನ ಹೇಳುತ್ತಾನೆ. ವೇಷಧಾರಿಗಳಾದ ಶೋಭನಿಕರು ಪ್ರತ್ಯಕ್ಷವಾಗಿ ವಧೆಯನ್ನು ನಡೆಸಿ ತೋರಿಸುತ್ತಾರೆ. ಚಿತ್ರಗಳಲ್ಲಿ ಎತ್ತಿದ ಮತ್ತು ಬಿದ್ದ ಪ್ರಹಾರಗಳು ಕಾಣುತ್ತವೆ. ಗ್ರಂಥಿಕರು ಮಾತಿನಿಂದಲೇ ಅವನ್ನು ಕೇಳುವವರ ಬುದ್ಧಿಯಲ್ಲಿ ನಿಲ್ಲಿಸುತ್ತಾರೆ. ಮೂರರಲ್ಲಿಯೂ ವರ್ತಮಾನತ್ವವು ಉಂಟು; ಆದರೆ ಮೂರರ ವರ್ತಮಾನವೂ ಒಂದೇ ಬಗೆಯದಲ್ಲ. ಮೊದಲನೆಯವರನ್ನು ಹೇಳುವಾಗ ಮಾತ್ರ ಪ್ರತ್ಯಕ್ಷವೆಂಬ ಮಾತು ಬಂದಿರುವುದು ಗಮನಾರ್ಹವಾಗಿದೆ.

ಇದಕ್ಕೆ ಭರ್ತೃಹರಿಯ ವಿಭಾಗವನ್ನು ಜೋಡಿಸಿದರೆ ವಿಷಯವು ಇನ್ನೂ ತಿಳಿಯಾಗುವುದು. ಕ್ರಮವಾಗಿ ನಡೆಯುತ್ತ, ಇನ್ನೂ ಮುಗಿಯದೆ ಇರುವುದು ಸಾಧ್ಯ. ಮುಗಿದು ವಸ್ತುವಿನಂತೆ ನಿಂತಿರುವುದು ಸಿದ್ಧ. ‘ಕುಣಿಯುತ್ತಾಳೆ’ ಎಂಬುದರಲ್ಲಿ ಸಾಧ್ಯರೂಪವೂ, ‘ಕುಣಿತ’ ಎಂಬುದರಲ್ಲಿ ಸಿದ್ಧರೂಪವೂ ತೋರುವುದು. ರಂಗದ ಮೇಲಿನ ನೃತ್ಯವು ಸಾಧ್ಯ, ಪಟದ ಮೇಲಿನ ನೃತ್ಯವು ಸಿದ್ಧ. ಮೊದಲ ಸಲ ವಿಡಿಯೋ ನೋಡುವವನಿಗೂ ಮುಂದಿನದು ತಿಳಿಯದಷ್ಟೆ ಎಂದು ಆಕ್ಷೇಪಿಸಬಹುದು. ಆ ಅಜ್ಞಾನವು ನೋಡುವವನದೇ ಹೊರತು ನೋಡಲ್ಪಡುವ ವಸ್ತುವಿನದಲ್ಲ. ರಂಗದಲ್ಲಿ ನರ್ತಕಿಯು ಒಂಟಿಗಾಲಿನಲ್ಲಿ ನಿಂತಾಗ ಅವಳು ನಿಲ್ಲುವಳೋ ಬೀಳುವಳೋ ಎಂಬುದು ಅವಳಿಗೂ ಪೂರ್ವನಿಶ್ಚಿತವಲ್ಲ. ಪಟದಲ್ಲಾದರೋ ಅವಳು ನಿಂತಾಯಿತು.

೩

ಪಟದ ಪ್ರಯೋಜನವನ್ನು ಮೊದಲು ನಿರ್ಮತ್ಸರವಾಗಿ ಒಪ್ಪಬೇಕು. ಭರತನು ನಾಟ್ಯಶಾಸ್ತ್ರದ ದ್ವಿತೀಯಾಧ್ಯಾಯದಲ್ಲಿ ಪ್ರೇಕ್ಷಾಗೃಹಕ್ಕೆ ೧೦೮, ೬೪, ೩೨ ಹಸ್ತಗಳ ಮೂರು ಪ್ರಮಾಣಗಳನ್ನು ಹೇಳಿ, ಮನುಷ್ಯರಿಗೆ ೬೪ ಹಸ್ತ ಉದ್ದ, ೩೨ ಹಸ್ತ ಅಗಲದ ಮಧ್ಯಮವೇ ಯೋಗ್ಯವೆನ್ನುತ್ತಾನೆ. ಅದಕ್ಕಿಂತ ದೊಡ್ಡದಾದರೆ ಧ್ವನಿಯು ಅಸ್ಪಷ್ಟವಾಗುವುದು, ಮುಖದ ಭಾವವೂ ದೃಷ್ಟಿಯೂ ಕಾಣದೆ ಹೋಗುವುವು ಎಂಬುದು ಅವನು ಕೊಡುವ ಕಾರಣ. ಇಂದಿನ ಅನೇಕ ರಂಗಮಂದಿರಗಳು ಈ ಪ್ರಮಾಣವನ್ನು ಮೀರಿವೆ. ಅಂಥಲ್ಲಿ ಕೊನೆಯ ಸಾಲಿನಲ್ಲಿ ಕುಳಿತವನು ರಂಗದ ಎದುರಿಗೆ ಇದ್ದರೂ ನರ್ತಕಿಯ ಕಣ್ಣನ್ನು ಕಾಣಲಾರನು. ಜೇವರ್ಗಿಯಲ್ಲಿ ಕುಳಿತು ವಿಡಿಯೋ ನೋಡುವವನು ಕಾಣಬಲ್ಲನು. ಅಭಿನವಗುಪ್ತನು ಹೇಳುವ ಏಳು ರಸವಿಘ್ನಗಳಲ್ಲಿ ಸ್ಫುಟತ್ವದ ಅಭಾವವೂ ಒಂದಷ್ಟೆ. ಆ ವಿಘ್ನವನ್ನು ಪಟವು ಪರಿಹರಿಸುವುದೆಂಬುದರಲ್ಲಿ ಸಂಶಯವಿಲ್ಲ.

ಎರಡನೆಯ ಪ್ರಯೋಜನವು ರಕ್ಷಣೆ. ನಾಟಕವು ಪ್ರಯೋಗವಿಲ್ಲದಿದ್ದರೂ ಗ್ರಂಥದಲ್ಲಿ ಉಳಿಯುವುದು. ಶಾಕುಂತಲವೇ ಇದಕ್ಕೆ ನಿದರ್ಶನ. ನವೀನ ನೃತ್ಯಕ್ಕೆ ಅಂಥ ಪಾಠವು ಸಾಮಾನ್ಯವಾಗಿ ಇಲ್ಲ. ಇಸಡೋರಾ ಡಂಕನ್ ೧೯೨೭ರಲ್ಲಿ ಮೃತಳಾದಳು. ಅವಳ ನರ್ತನದ ಚಲಚ್ಚಿತ್ರವು ಇಲ್ಲವೆನ್ನುವಷ್ಟು ಅಲ್ಪವಾಗಿರುವುದರಿಂದ ಅವಳ ಖ್ಯಾತಿಯನ್ನು ಬಲ್ಲವರು ಬಹಳ, ಕಲೆಯನ್ನು ಕಣ್ಣಾರೆ ಬಲ್ಲವರು ಈಗ ಯಾರೂ ಇಲ್ಲ. ಇದಕ್ಕೆ ಪ್ರತಿಯಾಗಿ ಉದಯಶಂಕರರು ಮದರಾಸಿನ ಜೆಮಿನಿ ಸ್ಟುಡಿಯೋದಲ್ಲಿ ತಯಾರಿಸಿ ೧೯೪೮ರಲ್ಲಿ ಹೊರತಂದ ‘ಕಲ್ಪನಾ’ ಎಂಬ ಚಲಚ್ಚಿತ್ರವು ಇಂದಿಗೂ ಉಂಟು. ಅದು ಜೀರ್ಣೋದ್ಧಾರವಾಗಿ ೨೦೧೨ರಲ್ಲಿ ಕಾನ್ ಚಲಚ್ಚಿತ್ರೋತ್ಸವದಲ್ಲಿ ತೋರಿಸಲ್ಪಟ್ಟಿತು. ೧೯೭೭ರಲ್ಲಿ ತೀರಿಕೊಂಡ ಆ ನರ್ತಕರ ಭುಜದ ವಿಲಾಸವನ್ನು ಅಫಜಲಪುರದ ಬಾಲಕನು ಇಂದು ಕಾಣಬಹುದಾದರೆ ಅದು ಪಟದ ಮಹಿಮೆಯೇ. ಅಮೆರಿಕೆಯ ಮರ್ಸ್ ಕನಿಂಗ್‌ಹ್ಯಾಮ್ ೨೦೦೯ರಲ್ಲಿ ತೀರಿಕೊಂಡರು. ಅವರ ಮೇಳವು ೨೦೧೧ರ ಕೊನೆಯ ದಿನ ವಿಸರ್ಜಿತವಾಯಿತು. ಅವರ ನೃತ್ಯಗಳನ್ನು ಹೊಸಬರು ಕಲಿಯಲು ಚಿತ್ರಮುದ್ರಣಗಳು ಬಹಳ ಮಟ್ಟಿಗೆ ಆಧಾರವಾಗಿವೆ. ಕರ್ನಾಟಕದಲ್ಲಿಯೂ, ೧೯೯೨ರಲ್ಲಿ ಬೆಂಗಳೂರಿನಲ್ಲಿ ಆರಂಭವಾದ ಅಟ್ಟಕ್ಕಳರಿ ಸಂಸ್ಥೆಯು ‘ನಾಗರಿಕ’ ಎಂಬ ಯೋಜನೆಯಿಂದ ಭರತನಾಟ್ಯ, ಕಳರಿಪಯಟ್ಟುಗಳ ಅಂಗಚಲನಗಳನ್ನು ಚಿತ್ರಮುದ್ರಿಸಿ ಅಭ್ಯಾಸಿಗಳಿಗೆ ಒದಗಿಸಲು ಯತ್ನಿಸಿದೆ.

ಇವೆಲ್ಲವೂ ಲಕ್ಷಣಜ್ಞಾನಕ್ಕೆ ಸಾಧಕಗಳು. ಒಂದು ಚಾರಿಯನ್ನು ಹತ್ತು ಸಲ ತಿರುಗಿಸಿ ನೋಡುವುದು, ನಿಲ್ಲಿಸಿ ನೋಡುವುದು, ಎರಡು ಪ್ರಯೋಗಗಳನ್ನು ಪಕ್ಕದಲ್ಲಿಟ್ಟು ಹೋಲಿಸುವುದು ರಂಗದಲ್ಲಿ ಅಶಕ್ಯ. ಸಿದ್ಧವಾದುದನ್ನೇ ವಿಂಗಡಿಸಿ ಪರೀಕ್ಷಿಸಬಹುದೇ ಹೊರತು ಸಾಧ್ಯವಾಗುತ್ತಿರುವುದನ್ನಲ್ಲ.

೪

ಇನ್ನು ಪಟದಿಂದ ಆಗುವ ಹಾನಿಯ ವಿಚಾರ. ನೃತ್ಯಕ್ಕೆ ಭಾವವೂ ನೃತ್ತಕ್ಕೆ ತಾಳಲಯಗಳೂ ಆಶ್ರಯವೆಂದು ದಶರೂಪಕಕಾರನ ಮತ. ನವೀನ ನೃತ್ಯವು ಅನೇಕ ವೇಳೆ ಕಥೆಯ ಭಾವವನ್ನೂ ನಿಯತವಾದ ತಾಳವನ್ನೂ ಬಿಟ್ಟಿರುವುದು. ಕನಿಂಗ್‌ಹ್ಯಾಮರಂತೂ ಸಂಗೀತ ಬೇರೆ, ನೃತ್ಯ ಬೇರೆ ಎಂದು ಎರಡನ್ನೂ ಬಿಡಿಸಿದರು. ಹಾಗಾದರೆ ಅದಕ್ಕೆ ಉಳಿದ ಆಶ್ರಯವೇನು? ದೇಹ, ಅದರ ಭಾರ, ಅದರ ಉಸಿರು. ದೊಡ್ಡಾಟವನ್ನು ವಿಡಿಯೋದಲ್ಲಿ ನೋಡಿದರೆ ಅಟ್ಟದ ಹಲಗೆಯ ಮೇಲೆ ಬೀಳುವ ಹೆಜ್ಜೆಯ ಅದುರು ನೋಡುವವನ ಎದೆಗೆ ತಟ್ಟದಿದ್ದರೂ, ಸಾರಥಿಯ ಮಾತು, ಹಿಮ್ಮೇಳದ ಪದ, ಕಥೆ ಇಷ್ಟಾದರೂ ಉಳಿಯುವುವು. ನವೀನ ನೃತ್ಯದಲ್ಲಿ ದೇಹದ ಭಾರವು ಹೋದರೆ ಸರ್ವಸ್ವವೂ ಹೋದಂತೆಯೇ. ಆದುದರಿಂದ ಪಟದ ರಕ್ಷಣೆಯು ಯಾವ ಕಲೆಗೆ ಅತ್ಯಂತ ಅವಶ್ಯವೋ ಆ ಕಲೆಗೇ ಪಟದಿಂದ ಅತ್ಯಂತ ಹಾನಿಯೂ ಆಗುವುದು. ಈ ವಿರೋಧವನ್ನು ಮರೆತವನ ವಿಮರ್ಶೆಯು ಒಂದು ಕಡೆಗೆ ವಾಲುವುದು.

ಎರಡನೆಯದು ಕಾಲ. ಚಂದ್ರಲೇಖಾ ಅವರ ಕೊನೆಯ ಕೃತಿಯಾದ ‘ಶರೀರ’ದಲ್ಲಿ ಗುಂದೇಚಾ ಸಹೋದರರ ಧ್ರುಪದಗಾಯನದೊಡನೆ ಅಂಗಗಳು ಅತಿ ವಿಳಂಬದಿಂದ ತೆರೆದುಕೊಳ್ಳುವುವು. ಆ ನಿಧಾನವು ಕೃತಿಯ ಗುಣವೇ ಹೊರತು ದೋಷವಲ್ಲ. ರಂಗದ ಮುಂದೆ ಕುಳಿತವನು ಮೊದಲು ಬೇಸರಗೊಂಡರೂ ಎದ್ದು ಹೋಗಲು ಸಂಕೋಚಪಟ್ಟು ಕುಳಿತಿರುವನು. ಸ್ವಲ್ಪ ಹೊತ್ತಿನಲ್ಲಿ ಅವನ ಉಸಿರೂ ಆ ಲಯಕ್ಕೆ ಒಗ್ಗುವುದು. ವಿಡಿಯೋ ನೋಡುವವನ ಬೆರಳ ತುದಿಯಲ್ಲಿಯೇ ಕಾಲವಿರುವುದರಿಂದ ಅವನು ಮುಂದಕ್ಕೆ ಓಡಿಸುವನು. ರಂಗದಲ್ಲಿ ಕಾಲಕ್ಕೆ ನರ್ತಕಿ ಒಡತಿ, ಪಟದಲ್ಲಿ ನೋಡುವವನು ಒಡೆಯ. ಒಡೆತನವನ್ನು ಬಿಡದವನಿಗೆ ತನ್ಮಯೀಭವನವೆಲ್ಲಿಯದು?

ಮೂರನೆಯದು ಸ್ಥಳ. ತನ್ನ ಸುಖದುಃಖಗಳಿಗೆ ವಶನಾಗಿರುವುದನ್ನು ಅಭಿನವಗುಪ್ತನು ಇನ್ನೊಂದು ವಿಘ್ನವಾಗಿ ಎಣಿಸಿ, ವಾದ್ಯಗಾನಗಳೂ ವಿಚಿತ್ರವಾದ ಮಂಟಪವೂ ಇರುವುದು ಅದರ ಪರಿಹಾರಕ್ಕೆಂದು ಹೇಳುತ್ತಾನೆ. ಅಂದರೆ ರಂಗಮಂಟಪವು ಕೇವಲ ನೆರಳಿಗಾಗಿ ಕಟ್ಟಿದ ಕಟ್ಟಡವಲ್ಲ. ಮನೆಯನ್ನು ಮರೆಯಿಸುವ ಉಪಾಯ. ಮೊಬೈಲಿನಲ್ಲಿ ನೃತ್ಯವನ್ನು ನೋಡುವವನು ಮನೆಯ ನಡುವೆಯೇ ಇರುವನು. ಅದೇ ಯಂತ್ರದಲ್ಲಿ ಸಾಲಗಾರನ ಕರೆಯೂ ಬರುವುದು. ೨೦೨೦ ಮತ್ತು ೨೦೨೧ರ ಮಹಾಮಾರಿಯ ಕಾಲದಲ್ಲಿ ರಂಗಮಂದಿರಗಳು ಮುಚ್ಚಿದಾಗ ಅನೇಕ ನರ್ತಕರು ಪಟವನ್ನೇ ಆಶ್ರಯಿಸಿದರು. ಅದು ಆಪದ್ಧರ್ಮ, ಆಪದ್ಧರ್ಮವನ್ನು ನಿತ್ಯಧರ್ಮವೆಂದು ಭ್ರಮಿಸಬಾರದು.

ನಾಲ್ಕನೆಯದು ದೃಷ್ಟಿಯ ಸ್ವಾತಂತ್ರ್ಯ. ಕನಿಂಗ್‌ಹ್ಯಾಮರ ರಂಗದಲ್ಲಿ ಮಧ್ಯವೆಂಬುದೊಂದು ಪ್ರಧಾನಸ್ಥಾನವಿಲ್ಲ. ಏಕಕಾಲದಲ್ಲಿ ನಾಲ್ಕಾರು ಕಡೆ ಬೇರೆ ಬೇರೆ ಕಾರ್ಯಗಳು ನಡೆಯುವುವು, ಯಾವುದನ್ನು ನೋಡಬೇಕೆಂಬುದು ಪ್ರೇಕ್ಷಕನಿಗೆ ಬಿಟ್ಟದ್ದು. ಇದು ಆಳಂದ ಜೇವರ್ಗಿಯವರಿಗೆ ವಿಚಿತ್ರವೆಂದು ತೋರಬೇಕಾಗಿಲ್ಲ. ಮೊಹರಮ್ಮಿನಲ್ಲಿ ಅಲಾವಿಯ ಸುತ್ತ ಹಿಂದೂ ಮುಸಲ್ಮಾನರು ಕೂಡಿ ಹೆಜ್ಜೆ ಹಾಕುವಾಗಲೂ ಮುಂದು ಹಿಂದು ಎಂಬುದಿಲ್ಲ, ವರ್ತುಲವು ಒಳಮುಖವಾಗಿರುವುದು. ಕ್ಯಾಮರಾ ಎಲ್ಲಿ ನಿಂತರೂ ಕೆಲವರ ಬೆನ್ನೇ ಕಾಣುವುದು. ಒಬ್ಬನ ಮುಖವನ್ನು ಹಿಡಿದರೆ ವರ್ತುಲವು ಮುರಿಯುವುದು. ಅಪ್ರಧಾನವಾದುದು ಪ್ರಧಾನದ ಸ್ಥಾನದಲ್ಲಿ ಕುಳಿತುಕೊಳ್ಳುವುದೂ ರಸವಿಘ್ನಗಳಲ್ಲಿ ಒಂದು. ಸ್ಫುಟತ್ವವನ್ನು ತಂದುಕೊಟ್ಟ ಸಮೀಪದರ್ಶನವೇ ಈ ವಿಘ್ನವನ್ನೂ ತಂದಿತೆಂದು ತಿಳಿಯಬೇಕು.

ಐದನೆಯದು ಮತ್ತು ಅತಿ ಮುಖ್ಯವಾದುದು ಸಿದ್ಧಿ. ಭರತನು ಪ್ರಯೋಗದ ಮಾನುಷೀಸಿದ್ಧಿಯನ್ನು ಪ್ರೇಕ್ಷಕರಿಂದಲೇ ಅಳೆಯುತ್ತಾನೆ. ನಸುನಗೆ, ಅಟ್ಟಹಾಸ, ಭಲೆ ಎಂಬ ಉದ್ಗಾರ, ಅಯ್ಯೋ ಎಂಬ ಮರುಕ ಇವು ವಾಙ್ಮಯ. ರೋಮಾಂಚ, ಎದ್ದು ನಿಲ್ಲುವುದು, ಮೈಮೇಲಿನ ವಸ್ತ್ರವನ್ನು ತೆಗೆದು ಕೊಡುವುದು ಇವು ಶಾರೀರ. ಬಯಲಾಟದಲ್ಲಿ ಆಹೇರಿ ಮಾಡುವವರನ್ನೂ, ಕಂಪನಿ ನಾಟಕದಲ್ಲಿ ‘ಒನ್ಸ್ ಮೋರ್’ ಎಂದು ಕೂಗುವವರನ್ನೂ ಕಂಡ ಉತ್ತರ ಕರ್ನಾಟಕದವರಿಗೆ ಇದು ಪುಸ್ತಕದ ಮಾತಲ್ಲ. ಈ ಸಿದ್ಧಿಯು ನಟನಿಗೆ ಮರಳಿ ಮುಟ್ಟಿ ಮುಂದಿನ ಹೆಜ್ಜೆಯನ್ನು ಬದಲಿಸುವುದು. ಪಟದಲ್ಲಿ ಆ ಮಾರ್ಗವೇ ಮುಚ್ಚಿದೆ. ಅಫಜಲಪುರದಲ್ಲಿ ಕುಳಿತವನು ಎಷ್ಟು ಭಲೆ ಎಂದರೂ ಆ ನರ್ತಕಿಯ ಹೆಜ್ಜೆಯು ಕೂದಲೆಳೆಯಷ್ಟೂ ಬದಲಾಗದು.

೫

ಕ್ಯಾಮರಾಕ್ಕಾಗಿಯೇ ರಚಿತವಾದ ನೃತ್ಯಗಳಿಗೆ ಈ ದೋಷಗಳು ಹೀಗೆಯೇ ಅನ್ವಯಿಸಲಾರವು. ೧೯೪೫ರಲ್ಲಿ ಮಾಯಾ ಡೆರೆನ್ ತಯಾರಿಸಿದ ಒಂದು ಕಿರುಚಿತ್ರದಲ್ಲಿ ನರ್ತಕನು ಕಾಡಿನಲ್ಲಿ ಕಾಲೆತ್ತಿ ಮನೆಯೊಳಗೆ ಊರುತ್ತಾನೆ. ಅಂಥ ಹೆಜ್ಜೆಯು ಯಾವ ರಂಗದಲ್ಲಿಯೂ ಸಂಭವಿಸದು. ಅಲ್ಲಿ ಪಟವೇ ರಂಗ. ಕನಿಂಗ್‌ಹ್ಯಾಮರೂ ಚಾರ್ಲ್ಸ್ ಅಟ್ಲಾಸರೊಡನೆ ಕೂಡಿ ಪಟಕ್ಕೆಂದೇ ಬೇರೆ ನೃತ್ಯಗಳನ್ನು ರಚಿಸಿದರು. ‘ಕಲ್ಪನಾ’ವೂ ರಂಗದ ದಾಖಲೆಯಲ್ಲ, ಚಲಚ್ಚಿತ್ರವಾಗಿಯೇ ಹುಟ್ಟಿದ ಕೃತಿ. ಆದುದರಿಂದ ಪಟವೆಂದೊಡನೆ ಎಲ್ಲವನ್ನೂ ಒಂದೇ ರಾಶಿಗೆ ಹಾಕದೆ, ಪಟಕ್ಕಾಗಿ ಹುಟ್ಟಿದುದು ಯಾವುದು, ರಂಗದಿಂದ ಪಟಕ್ಕೆ ಇಳಿಸಿದುದು ಯಾವುದು ಎಂದು ವಿವೇಚಿಸುವುದು ವಿಮರ್ಶಕನ ಮೊದಲ ಕರ್ತವ್ಯ. ಮೊದಲನೆಯದರಲ್ಲಿ ಪಟವನ್ನು ಕಂಡವನು ಕೃತಿಯನ್ನೇ ಕಂಡನು. ಎರಡನೆಯದರಲ್ಲಿ ಕೃತಿಯ ಲಕ್ಷಣವನ್ನು ಕಂಡನು.

೬

ಇದರಿಂದ ಫಲಿತವಾಗುವುದೇನೆಂದರೆ, ಪಟವು ಲಕ್ಷಣಕ್ಕೆ ಪ್ರಮಾಣ, ರಸಕ್ಕೆ ಪ್ರಮಾಣವಲ್ಲ. ರಂಗಕೃತಿಯನ್ನು ವಿಡಿಯೋದಲ್ಲಿ ಮಾತ್ರ ಕಂಡು ಬರೆಯುವ ವಿದ್ಯಾರ್ಥಿಯು ಅಂಗಚಲನ, ವಿನ್ಯಾಸ, ಪರಂಪರೆ ಇವುಗಳ ಬಗ್ಗೆ ನಿಸ್ಸಂಕೋಚವಾಗಿ ಬರೆಯಬಹುದು. ಆದರೆ ಕೃತಿಯು ನೀರಸವೆಂದೋ ಸರಸವೆಂದೋ ತೀರ್ಪು ಕೊಡುವ ಮೊದಲು ತಾನು ಕಂಡುದು ಪಟವನ್ನೆಂದು ಹೇಳತಕ್ಕದ್ದು. ಹಸ್ತಪ್ರತಿಯನ್ನು ನೋಡಿದೆನೋ ಅದರ ಪ್ರತಿಯನ್ನು ನೋಡಿದೆನೋ ಎಂಬುದನ್ನು ಗ್ರಂಥಸಂಪಾದಕನು ಹೇಳದೆ ಬಿಡುವನೇ?

ಆದರೆ ವಿಷಯವು ಪ್ರಬಂಧಗಳ ಶುದ್ಧಿಯಲ್ಲಿಯೇ ಮುಗಿಯುವುದಿಲ್ಲ. ಎಲ್ಲವೂ ಮೊಬೈಲಿನಲ್ಲಿ ದೊರೆಯುವಾಗ ತಾಲ್ಲೂಕಿಗೆ ರಂಗವೇಕೆಂಬ ಮಾತು ವಿವೇಕದಂತೆ ಕೇಳಿಸಬಹುದು. ಆ ಮಾತನ್ನು ಒಪ್ಪಿದರೆ ನಗರದವರಿಗೆ ರಸವೂ ಗ್ರಾಮದವರಿಗೆ ಲಕ್ಷಣವೂ ಎಂಬ ಹಂಚಿಕೆಯು ಸ್ಥಿರವಾಗುವುದು. ರಾತ್ರಿಯೆಲ್ಲ ಬಯಲಿನಲ್ಲಿ ಕುಳಿತು ಆಟ ನೋಡಬಲ್ಲ ಜನರಿಗೆ ಪ್ರೇಕ್ಷಕಗುಣದ ಕೊರತೆಯಿಲ್ಲ, ಕೊರತೆಯಿರುವುದು ಪ್ರಯೋಗದ್ದು. ಭರತನ ಮಧ್ಯಮ ಪ್ರಮಾಣವು ಹಸ್ತಕ್ಕೆ ಒಂದೂವರೆ ಅಡಿಯಂತೆ ೯೬ ಅಡಿ ಉದ್ದ, ೪೮ ಅಡಿ ಅಗಲ ಮಾತ್ರ. ಅಷ್ಟು ಸ್ಥಳವು ತಾಲ್ಲೂಕಿನ ಶಾಲೆಯ ಅಂಗಳದಲ್ಲಿಯೇ ದೊರೆಯುವುದು. ಮಹಾನಗರದ ದೊಡ್ಡ ಮಂದಿರಕ್ಕಿಂತ ಅಲ್ಲಿ ನರ್ತಕಿಯ ಕಣ್ಣು ಚೆನ್ನಾಗಿ ಕಾಣುವುದು. ಮೊದಲು ಪಟದಿಂದ ಲಕ್ಷಣವನ್ನರಿತು, ಬಳಿಕ ಒಂದು ಸಂಜೆಯಾದರೂ ಅಂಥ ಅಂಗಳದಲ್ಲಿ ಎದುರಿಗೆ ಕುಳಿತು ಕಂಡ ವಿದ್ಯಾರ್ಥಿಯ ವಿಮರ್ಶೆಯಲ್ಲಿ ಲಕ್ಷಣವೂ ರಸವೂ ಕೂಡಿ ಬರುವುವು. ಅಲ್ಲಿಯವರೆಗೆ ಪಟವು ಕನ್ನಡಿಯ ಕೆಲಸವನ್ನು ಮಾಡಲಿ. ಕನ್ನಡಿಯಲ್ಲಿ ಕಂಡ ಅನ್ನದ ಬಣ್ಣವು ನಿಜವೇ; ಹಸಿವು ಮಾತ್ರ ಅದರಿಂದ ಹಿಂಗದು.