ನಗರ ದಂಗೆಯ ಕಾರಣಗಳು: ಒಂದು ವಿಮರ್ಶೆ

1830–31ರ ನಗರ ದಂಗೆಯನ್ನು, ನಗರದ ಖಾವಂದನೆಂದು ಸೋಗು ಹಾಕಿದ ಬೂದಿ ಬಸವಪ್ಪನ ಕುತಂತ್ರವೆಂದು ಹೇಳಿ ಮುಗಿಸುವ ಬರವಣಿಗೆ ವಿರಳವಲ್ಲ. ಹೊನ್ನಾಳಿ, ಚನ್ನಗಿರಿ ಸೀಮೆಗಳ ರೈತರನ್ನು ಇದು ಬರಿಯ ಮಂದೆಯನ್ನಾಗಿಸುತ್ತದೆ; ನಾವು ಇದನ್ನು ಒಪ್ಪಲಾರೆವು. ದಂಗೆಯ ಬೇರು ಶರತ್ತಿನ ಪದ್ಧತಿಯಲ್ಲಿದೆ. ಗೊತ್ತಾದ ಮೊತ್ತವನ್ನು ವಸೂಲು ಮಾಡುವೆನೆಂದು ಅಮಲ್ದಾರನು ಕರಾರು ಬರೆದುಕೊಡುತ್ತಿದ್ದನು. ಕಡಮೆ ಬಿದ್ದುದನ್ನು ಅವನೇ ತುಂಬಬೇಕು. ಕೈಯಿಂದ ತುಂಬುವವರಾರು? ಹೊರೆ ರೈತನ ಮೇಲೆಯೇ ಬಿದ್ದಿತು. ಬಸವಾಪಟ್ಟಣ, ಹೊನ್ನಾಳಿಗಳಲ್ಲಿ ಕೂಟ ಸೇರಿದವರಿಗೆ ಈ ಕಂದಾಯವೇ ಮೊದಲ ದುಃಖವಾಗಿತ್ತು.

ಕೆಳದಿ ಅರಮನೆಯ ಜಂಗಮನಿಂದ ದೊರೆತ ಮುದ್ರೆಗಳು ಬಸವಪ್ಪನಿಗೆ ವಂಶದ ಹಕ್ಕಿನ ನೆಪವಾದುವೇ ಹೊರತು ಧರ್ಮಯುದ್ಧದ ಧ್ವಜವಾಗಲಿಲ್ಲ. ಅದೇ ಕಾಲದಲ್ಲಿ ಪೆಷಾವರದ ಕಡೆ ಸಿಖ್ಖರ ಮೇಲೆ ಜಿಹಾದ್ ಸಾರಿದ್ದ ಸಯ್ಯದ್ ಅಹಮದರು 1831ರ ಮೇ 6ರಂದು ಬಾಲಾಕೋಟದಲ್ಲಿ ಮಡಿದರು. ಅಲ್ಲಿನ ಕರೆ ಧರ್ಮದ್ದು. ಆದರೂ ಪಠಾಣರು ಅವರಿಂದ ದೂರವಾದುದಕ್ಕೆ ಉಶ್ರ್ ತೆರಿಗೆಯೂ ಒಂದು ಕಾರಣ.

ಶರತ್ತಿನ ದೋಷಗಳನ್ನು ಎತ್ತಿ ತೋರಿದ್ದು 1833ರ ವಿಚಾರಣಾ ಸಮಿತಿ. ಅದರಲ್ಲಿದ್ದ ಕಬ್ಬನ್ನರು ಮರುವರ್ಷ ತಾವೇ ಮೈಸೂರಿನ ಕಮಿಷನರಾದರೆಂಬುದನ್ನು ಮರೆಯಲಾಗದು. ಶರತ್ತಿನ ಬಿಗಿಯನ್ನು ತೂಗುವಾಗ, ಕಂಪೆನಿಗೆ ವರ್ಷಂಪ್ರತಿ ಸಲ್ಲುತ್ತಿದ್ದ ಏಳು ಲಕ್ಷ ಪಗೋಡಗಳ ಪೊಗದಿಯನ್ನೂ ಅದೇ ತಕ್ಕಡಿಯಲ್ಲಿಡಬೇಕು.