ಹೊಲಿಗೆ ಒಣಗಿದ ಮೇಲಿನ ಜ್ವರ

ಹೃದಯದ ಆಪರೇಷನ್ ಆದ ಮಗುವಿನ ಡಿಸ್ಚಾರ್ಜ್ ಚೀಟಿಯನ್ನು ಯಾರೂ ಬರಹವೆಂದು ಓದುವುದಿಲ್ಲ. ನಾನು ಓದುತ್ತೇನೆ. ಎಲ್ಲ ಇಂಗ್ಲಿಷಿನಲ್ಲಿ. ತೂತು ಯಾವ ಗೋಡೆಯಲ್ಲಿತ್ತು, ಹಾರ್ಟ್-ಲಂಗ್ ಯಂತ್ರ ಎಷ್ಟು ನಿಮಿಷ ಓಡಿತು ಎಂಬುದಕ್ಕೆ ಪುಟಗಟ್ಟಲೆ ಜಾಗ. ‘ಜ್ವರ ಬಂದರೆ ಕರೆತನ್ನಿ’ ಎಂಬುದಕ್ಕೆ ಒಂದೇ ಸಾಲು. ಕಲಬುರಗಿ ಹತ್ತಿರದ ಕಮಲಾಪುರದ ತಾಯಿಗೆ ಬೇಕಿರುವುದು ಆ ಸಾಲು. ಚೀಟಿಯಲ್ಲಿ ಬಡಕಲಾಗಿರುವುದೂ ಅದೇ.

ಈ ಜ್ವರ ಎರಡು ಬಗೆಯದು. ಒಂದು ಸೋಂಕಿನದು. ಇನ್ನೊಂದಕ್ಕೆ ರೋಗಾಣುವೇ ಇಲ್ಲ: ಹೃದಯದ ಸುತ್ತಲಿನ ಚೀಲವನ್ನು ಕೊಯ್ದಿದ್ದಕ್ಕೆ ದೇಹದ ರಕ್ಷಣಾ ವ್ಯವಸ್ಥೆ ಕೆರಳಿ ಉರಿಯೂತ ಎಬ್ಬಿಸುತ್ತದೆ. ಪೋಸ್ಟ್‌ಪೆರಿಕಾರ್ಡಿಯೋಟಮಿ ಸಿಂಡ್ರೋಮ್ ಎಂದು ಅದರ ಹೆಸರು. ಬರುವುದು ಸಾಮಾನ್ಯವಾಗಿ 1ರಿಂದ 6 ವಾರದೊಳಗೆ, ಹೊಲಿಗೆ ಒಣಗಿ ನೆಂಟರೆಲ್ಲ ನೋಡಿಕೊಂಡು ಹೋದ ಮೇಲೆ. ಮಲಗಿಸಿದರೆ ಮಗು ಅಳುತ್ತದೆ, ಮುಂದಕ್ಕೆ ಬಾಗಿ ಕೂತರೆ ತುಸು ಸುಮ್ಮನಾಗುತ್ತದೆ. ಊಟ ಒಲ್ಲೆ ಅನ್ನುತ್ತದೆ. ಕೆಲವೊಮ್ಮೆ ವಾಂತಿ. ನಮ್ಮ ಕಡೆ ವಾಂತಿ ಅಂದರೆ ಹೊಟ್ಟೆ ಕೆಟ್ಟಿದೆ, ಇಲ್ಲವೇ ದೃಷ್ಟಿ ತಾಗಿದೆ. ಚೀಲದಲ್ಲಿ ನೀರು ತುಂಬಿ ಹೃದಯವನ್ನೇ ಅದುಮುತ್ತಿರಬಹುದೆಂದು ಯಾರಿಗೆ ಹೊಳೆದೀತು?

ಹೃದಯದ ಸ್ಕ್ಯಾನ್ ಆದ ಎಕೋ ಮಾಡಿದರೆ ನೀರು ಕಾಣುತ್ತದೆ. ಅದಕ್ಕೆ ಮದ್ದು ಐಬುಪ್ರೊಫೆನ್, ಬೇಕಾದರೆ ಸ್ಟಿರಾಯ್ಡ್. ನೀರು ಮಿತಿಮೀರಿದರೆ ಸೂಜಿಯಿಂದ ತೆಗೆಯಬೇಕು. ಆದರೆ ಊರಲ್ಲಿ ಮೊದಲು ಬೀಳುವುದು ಆ್ಯಂಟಿಬಯೋಟಿಕ್ ಇಂಜೆಕ್ಷನ್. ಈ ಉರಿಯೂತಕ್ಕೆ ಅದು ತಾಗುವುದಿಲ್ಲ. ನಿಜಕ್ಕೂ ಸೋಂಕಿದ್ದರೂ, ರೋಗಾಣು ಹುಡುಕುವ ರಕ್ತದ ಕಲ್ಚರ್‌ಗೆ ಮೊದಲೇ ಕೊಟ್ಟರೆ ರೋಗಾಣುವಿನ ಗುರುತು ಅಳಿಸಿಹೋಗಬಹುದು.

ಸರ್ಕಾರ ಏನೂ ಮಾಡಿಲ್ಲ ಅನ್ನಲಾಗದು. ಬಡವರ ಚಿಕಿತ್ಸೆಯ ವಾಜಪೇಯಿ ಆರೋಗ್ಯಶ್ರೀ ಯೋಜನೆ 2010ರಲ್ಲಿ ಮೊದಲು ಶುರುವಾದದ್ದು ಆಗಿನ ಗುಲ್ಬರ್ಗಾ, ಈಗಿನ ಕಲಬುರಗಿ ವಿಭಾಗದಲ್ಲೇ. ಮಕ್ಕಳ ತಪಾಸಣೆಯ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮ 2013ರದು. 2024ರ ಡಿಸೆಂಬರಿನಲ್ಲಿ ಕಲಬುರಗಿಯಲ್ಲಿ ಜಯದೇವ ಹೃದ್ರೋಗ ಸಂಸ್ಥೆಯ 371 ಹಾಸಿಗೆಯ ಆಸ್ಪತ್ರೆ ತೆರೆಯಿತು. ಆದರೆ ನಾವು ಹೆಮ್ಮೆಯಿಂದ ಎಣಿಸುವುದು ಆಪರೇಷನ್ನುಗಳನ್ನು. ಆಮೇಲಿನ ಆರು ವಾರ ಯಾರ ಲೆಕ್ಕಕ್ಕೂ ಸೇರುವುದಿಲ್ಲ. ಕಮಲಾಪುರದಿಂದ ಕಲಬುರಗಿಗೆ ಸುಮಾರು 35 ಕಿ.ಮೀ. ದಾರಿ ದೊಡ್ಡದಲ್ಲ, ಯಾವಾಗ ಬಸ್ ಹತ್ತಬೇಕು ಅನ್ನುವುದೇ ಗೊತ್ತಿಲ್ಲ.

ನನಗೆ ಬರೆಯಲು ಬಿಟ್ಟರೆ ಚೀಟಿಯ ನೆತ್ತಿಯ ಮೇಲೆ, ದಪ್ಪಕ್ಷರದಲ್ಲಿ, ಕಮಲಾಪುರದ ಮಾತಲ್ಲೇ ಬರೆದೇನು: ‘ಆರು ವಾರದೊಳಗ ಜ್ವರ ಬಂದ್ರ, ಮಲಗಿದ್ರ ಎದಿ ನೋವ್ ಅಂದ್ರ, ವಾಂತಿ ಆದ್ರ, ದಮ್ ಹತ್ತಿದ್ರ ಊರಾಗ ಸೂಜಿ ಮಾಡಿಸ್ಕೋತ ಕೂಡಬ್ಯಾಡ್ರಿ. ಅವತ್ತೇ ಬಂದು ಎಕೋ ಮಾಡಿಸ್ರಿ.’