ಊಟ-ಪಿ?
ಹ್ಯಾಕರ್ ಅಂದ್ರೆ ನಮ್ಮ ಪೇಪರುಗಳ ಪ್ರಕಾರ ಬ್ಯಾಂಕ್ ಖಾತೆಗೆ ಕನ್ನ ಹಾಕುವವನು. ಕಂಪ್ಯೂಟರಿನ ಒಳಗುಟ್ಟು ಕೆದಕೋದರಲ್ಲೇ ಖುಷಿ ಕಾಣುವವನು ಅನ್ನೋ ಹಳೇ ಅರ್ಥ ಬೇಕಿದ್ರೆ ‘ಜಾರ್ಗನ್ ಫೈಲ್’ ತೆಗೀಬೇಕು. 1975ರಲ್ಲಿ ಸ್ಟ್ಯಾನ್‌ಫರ್ಡ್‌ನಲ್ಲಿ ರಫೇಲ್ ಫಿಂಕೆಲ್ ಶುರು ಮಾಡಿದ ಈ ಪದಪಟ್ಟಿಗೆ ಎಂಐಟಿಯವರೂ ಕೈ ಸೇರಿಸಿದರು.

ನನಗೆ ಅದರಲ್ಲಿ ಪದಗಳಿಗಿಂತ ವ್ಯಾಕರಣವೇ ಇಷ್ಟ. ಲಿಸ್ಪ್ ಭಾಷೆಯಲ್ಲಿ ಹೌದು-ಅಲ್ಲ ಅಂತ ಉತ್ತರಿಸುವ ಫಂಕ್ಷನ್ನುಗಳ ಹೆಸರಿನ ಕೊನೆಗೆ ‘ಪಿ’ ಹಚ್ಚೋದು ರೂಢಿ. ಇವರು ಅದನ್ನು ಬಾಯಿಮಾತಿಗೂ ಎಳೆತಂದರು. ‘ಫುಡ್-ಪಿ?’ ಅಂದ್ರೆ ಊಟಕ್ಕೆ ಹೋಗೋಣ್ವಾ ಅಂತ. ಚೈನೀಸ್ ಹೋಟೆಲಿನಲ್ಲಿ ಬಿಲ್ ಗಾಸ್ಪರ್‌ಗೆ, ಇಬ್ಬರಿಗಾಗುವಷ್ಟು ಸೂಪನ್ನು ಯಾರಾದ್ರೂ ಹಂಚಿಕೊಳ್ತಾರಾ ಅಂತ ತಿಳೀಬೇಕಿತ್ತು. ಕೇಳಿದ್ದು ‘ಸ್ಪ್ಲಿಟ್-ಪಿ ಸೂಪ್?’ ಬಟಾಣಿ ಬೇಳೆ ಸೂಪಿಗೂ ಇಂಗ್ಲಿಷಿನಲ್ಲಿ ಅದೇ ಉಚ್ಚಾರಣೆ! (ಬಾಲಕ್ಕೊಂದು ಅಕ್ಷರ ಸಿಕ್ಕಿಸಿ ಪ್ರಶ್ನೆ ಮಾಡೋದು ಅವರಿಗೆ ಮೋಜು. ‘ಆಯ್ತು’ ಅನ್ನೋದನ್ನ ನಾವು ದಿನಾ ‘ಆಯ್ತಾ?’ ಮಾಡ್ತೀವಿ, ಬಿಡಿ.)

1983ರಲ್ಲಿ ಗೈ ಸ್ಟೀಲ್ ಸಂಪಾದಿಸಿದ ‘ದಿ ಹ್ಯಾಕರ್ಸ್ ಡಿಕ್ಷನರಿ’ಯಲ್ಲಿ ಇಂಥ ಹರಟೆ ಕಿವಿಗೇ ಬೀಳುತ್ತೆ. 1991ರಲ್ಲಿ ಎರಿಕ್ ರೇಮಂಡ್ ಯುನಿಕ್ಸ್, ಯೂಸ್‌ನೆಟ್ ಮಂದಿಯ ಮಾತನ್ನೂ ಸುರಿದು ಅದನ್ನು ಹಿಗ್ಗಿಸಿದರು. ಪಿಡಿಪಿ-10 ಕಾಲದ ಹಳಬರು ಗೊಣಗಿದ್ದು ನ್ಯಾಯವೇ. ಎಷ್ಟೋ ಪದಗಳ ಪಕ್ಕ ಹುಟ್ಟಿದ ಜಾಗ ನಮೂದಾಗಿದೆ, ನಿಜ. ಆದ್ರೆ ಯಾರು ಯಾರನ್ನ ನಗಿಸೋಕೆ ಹೀಗಂದ್ರು ಅನ್ನೋದು ಆ ಗದ್ದಲದಲ್ಲಿ ಮುಳುಗಿಹೋಗುತ್ತೆ. ನಿಘಂಟು ದಪ್ಪಗಾಯ್ತು, ಗೆಳೆಯರ ಗುಂಪು ಮಾಯ.

ಹೊಸದನ್ನು ಪದದ ಅರ್ಥ ನೋಡೋಕೆ ಇಟ್ಕೊಳ್ಳಿ. ಓದೋದಕ್ಕೆ ಹಳೇ ಪುಸ್ತಕಾನೇ ಹುಡುಕಿ.